ಪಟ್ಟಿ ಹಿಡಿದು ಓದಿದವರು

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದ ಪುಸ್ತಕಗಳಲ್ಲಿ ಚಿಕ್ಕ ಆಕಾರದ, ನೀಲಿ ರಟ್ಟಿನ ಒಂದು ಇಂಗ್ಲಿಷ್ ಪುಸ್ತಕವಿದೆ. ಅದರ ಹೆಸರು ‘ದಿ ಪ್ಲೆಷರ್ಸ್ ಆಫ್ ಲೈಫ್’. ಬರೆದವನು ಸರ್ ಜಾನ್ ಲಬಕ್. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ 1934ರಲ್ಲಿ ನಾಲ್ಕಾಣೆಗೆ ಕೊಂಡದ್ದೆಂದು ಮೊದಲ ಪುಟದಲ್ಲಿ ಅವರ ಕೈಬರಹ ಹೇಳುತ್ತದೆ. ಬದುಕಿನಲ್ಲಿ ಸುಖಪಡುವುದು ಹೇಗೆಂದು ತಿಳಿಸುವ ಪುಸ್ತಕ. ಆ ಉಪದೇಶದ ಬಹುಭಾಗ ಈಗ ಹಳಸಿದೆ. ಆದರೆ ಪುಸ್ತಕದ ನಡುವೆ ಒಂದು ಪಟ್ಟಿಯಿದೆ: ಓದಲೇಬೇಕಾದ ನೂರು ಗ್ರಂಥಗಳ ಪಟ್ಟಿ. ಅದರಲ್ಲಿ ನಲವತ್ತೊಂದು ಹೆಸರುಗಳ ಮುಂದೆ ತಂದೆಯವರು ಪೆನ್ಸಿಲಿನಿಂದ ಗೀಟು ಹಾಕಿದ್ದಾರೆ. ಪ್ರತಿಯೊಂದು ಗೀಟಿನ ಪಕ್ಕದಲ್ಲಿಯೂ ‘ದಸರಾ 36’, ‘ಬೇಸಿಗೆ 37’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆ. ಒಂದೇ ಒಂದು ಹೆಸರಿನ ಮುಂದೆ ಅರ್ಧ ಗೀಟು ಇದೆ. ಆ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

‘ಸಾಯುವ ಮೊದಲು ಓದಬೇಕಾದ ಕಾದಂಬರಿಗಳು’, ‘ಶ್ರೇಷ್ಠ ನೂರು ಕಾದಂಬರಿಗಳು’ ಎಂಬ ಬಗೆಯ ಪಟ್ಟಿಗಳು ಕೇಳುಗರಲ್ಲಿ ಬಹಳ ಮಂದಿಗೆ ಪರಿಚಿತವೇ ಆಗಿರಬೇಕು. ಅವನ್ನು ಹಿಡಿದು ವರ್ಷಗಟ್ಟಲೆ ಓದುತ್ತ ಹೋಗುವ ನಿಷ್ಠಾವಂತರನ್ನು ನಾನೂ ಬಲ್ಲೆ. ಪುಸ್ತಕಗಳ ಹೆಸರನ್ನು ಸಾಲಾಗಿ ಎಣಿಸುವ ಹವ್ಯಾಸವೇನೋ ಬಹು ಪುರಾತನವಾದದ್ದು. ನಮ್ಮ ‘ಕವಿರಾಜಮಾರ್ಗ’ದಲ್ಲಿಯೇ, ಅಂದರೆ ಒಂಬತ್ತನೆಯ ಶತಮಾನದಲ್ಲಿಯೇ, ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ನಾಮಾವಳಿಯೊಂದು ಬರುತ್ತದೆ. ಅವರು ಬರೆದ ಆ ಗದ್ಯಗ್ರಂಥಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಪಟ್ಟಿ ಉಳಿದು ಪುಸ್ತಕಗಳೇ ಅಳಿದುಹೋದ ಉದಾಹರಣೆ ಇದು. ಆದರೆ ಸಾಮಾನ್ಯ ಓದುಗನೊಬ್ಬ ಪೆನ್ಸಿಲು ಹಿಡಿದು ಒಂದೊಂದಾಗಿ ಗೀಟು ಹಾಕುತ್ತ ಹೋಗುವಂಥ ‘ನೂರರ ಪಟ್ಟಿ’ಗೆ ಜನಪ್ರಿಯತೆ ಬಂದದ್ದು ಇಂಗ್ಲೆಂಡಿನಲ್ಲಿ, 1886ರಲ್ಲಿ, ಈ ಲಬಕನ ಮೂಲಕ. ಪಟ್ಟಿ ಮಾಡಿದವರ ಕಥೆ ಎಲ್ಲರಿಗೂ ಸಿಕ್ಕುತ್ತದೆ. ಅದನ್ನು ಹಿಡಿದು ಓದಿದವರ ಕಥೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ನನಗೆ ಅದರಲ್ಲಿಯೇ ಹೆಚ್ಚು ಕುತೂಹಲ.

ಲಬಕ್ ಹುಟ್ಟಿದ್ದು 1834ರಲ್ಲಿ, ಶ್ರೀಮಂತ ಬ್ಯಾಂಕರನ ಮಗನಾಗಿ. ಹದಿನಾಲ್ಕರ ಹರೆಯದಲ್ಲಿ ಶಾಲೆ ಬಿಡಿಸಿ ಅವನನ್ನು ತಂದೆಯ ಬ್ಯಾಂಕಿನಲ್ಲಿ ಕೂರಿಸಿದರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನು ಹತ್ತಲೇ ಇಲ್ಲ. ಆದರೆ ಅವನ ಮನೆಯ ಸಮೀಪದಲ್ಲಿಯೇ ಚಾರ್ಲ್ಸ್ ಡಾರ್ವಿನ್ ವಾಸವಾಗಿದ್ದ. ಹುಡುಗನ ಪಾಲಿಗೆ ಅದೇ ವಿಶ್ವವಿದ್ಯಾನಿಲಯವಾಯಿತು. ಮುಂದೆ ಅವನು ಇರುವೆ, ಜೇನು, ಕಣಜಗಳ ನಡವಳಿಕೆಯನ್ನು ಕುರಿತು ಹೆಸರಾಂತ ಗ್ರಂಥ ಬರೆದ. ಶಿಲಾಯುಗವನ್ನು ಹಳೆಯದು, ಹೊಸದು ಎಂದು ಎರಡಾಗಿ ವಿಂಗಡಿಸಿ ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟವನೂ ಅವನೇ. ಅವನ ಮನೆಯಲ್ಲಿ ವ್ಯಾನ್ ಎಂಬ ಹೆಸರಿನ ಕಪ್ಪು ನಾಯಿಯೊಂದಿತ್ತು. ‘ಊಟ’, ‘ಚಹಾ’, ‘ಹೊರಗೆ’ ಎಂಬ ಮಾತುಗಳನ್ನು ಬರೆದ ರಟ್ಟಿನ ತುಂಡುಗಳಲ್ಲಿ ತನಗೆ ಬೇಕಾದುದನ್ನು ಆರಿಸಿ ಕಚ್ಚಿ ತರುವುದನ್ನು ಅದಕ್ಕೆ ಕಲಿಸಿದ್ದ. ನಾಯಿಗೂ ಓದು ಕಲಿಸಹೊರಟ ಮನುಷ್ಯ ಮನುಷ್ಯರನ್ನು ಸುಮ್ಮನೆ ಬಿಟ್ಟಾನೆಯೆ?

ಅವನು ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ. 1871ರಲ್ಲಿ ಅವನ ಪ್ರಯತ್ನದಿಂದ ಬ್ಯಾಂಕ್ ರಜಾ ದಿನಗಳ ಕಾನೂನು ಜಾರಿಗೆ ಬಂತು; ಇಂಗ್ಲೆಂಡಿನ ಜನಕ್ಕೆ ವರ್ಷಕ್ಕೆ ನಾಲ್ಕು ಹೊಸ ರಜೆಗಳು ದೊರೆತವು. ಆಗಸ್ಟ್ ತಿಂಗಳ ಮೊದಲ ಸೋಮವಾರದ ರಜೆಯನ್ನು ಜನ ತಮಾಷೆಯಾಗಿ ‘ಸಂತ ಲಬಕನ ಹಬ್ಬ’ ಎಂದೇ ಕರೆಯುತ್ತಿದ್ದರು. 1886ರಲ್ಲಿ, ಅಂದರೆ ನಾನು ಹೇಳುತ್ತಿರುವ ಪಟ್ಟಿ ಹೊರಬಂದ ವರ್ಷದಲ್ಲಿಯೇ, ಅಂಗಡಿಗಳ ಕೆಲಸದ ವೇಳೆಯನ್ನು ನಿಯಂತ್ರಿಸುವ ಇನ್ನೊಂದು ಕಾನೂನನ್ನು ಅವನು ತಂದ. ಹದಿನೆಂಟು ವರ್ಷ ತುಂಬದ ಹುಡುಗ ಹುಡುಗಿಯರನ್ನು ಅಂಗಡಿಯಲ್ಲಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದು ಅದರ ಸಾರ. ಎಪ್ಪತ್ತನಾಲ್ಕು! ಅದು ಆ ಕಾಲದ ಸುಧಾರಣೆ. ಅದಕ್ಕೆ ಮುಂಚೆ ಆ ಮಕ್ಕಳು ಎಷ್ಟು ಹೊತ್ತು ನಿಂತಿರುತ್ತಿದ್ದರೆಂಬುದನ್ನು ಊಹಿಸಿಕೊಳ್ಳಬಹುದು. ಒಂದು ಕೈಯಲ್ಲಿ ಆ ಕಾನೂನು, ಇನ್ನೊಂದು ಕೈಯಲ್ಲಿ ನೂರು ಪುಸ್ತಕಗಳ ಪಟ್ಟಿ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಲಬಕ್ ಬರಿಯ ಉಪದೇಶಕನಂತೆ ಕಾಣುತ್ತಾನೆ. ನನಗೂ ಬಹುಕಾಲ ಹಾಗೆಯೇ ಕಂಡಿದ್ದ.

ಲಂಡನ್ನಿನಲ್ಲಿ ದುಡಿಯುವ ಜನರಿಗಾಗಿ ಎಫ್. ಡಿ. ಮೌರಿಸ್ ಮೊದಲಾದವರು 1854ರಲ್ಲಿ ಸ್ಥಾಪಿಸಿದ ಕಾಲೇಜೊಂದಿತ್ತು. ಹಗಲು ದುಡಿದು ಬಂದವರಿಗೆ ಸಂಜೆ ಪಾಠ. ಜಾನ್ ರಸ್ಕಿನ್ ಅದರ ಆರಂಭದ ದಿನಗಳಲ್ಲಿ ಅಲ್ಲಿನ ಕೆಲಸಗಾರರಿಗೆ ಚಿತ್ರಕಲೆಯನ್ನು ಕಲಿಸಿದ್ದ. 1883ರಿಂದ ಲಬಕ್ ಅದರ ಪ್ರಿನ್ಸಿಪಾಲನಾಗಿದ್ದ. 1886ರ ಜನವರಿ 9ರಂದು ಅವನು ಅಲ್ಲಿ ಓದುವಿಕೆಯನ್ನು ಕುರಿತು ಭಾಷಣ ಮಾಡಿದ. ಜಗತ್ತಿನಲ್ಲಿ ಪುಸ್ತಕಗಳು ಲೆಕ್ಕವಿಲ್ಲದಷ್ಟಿವೆ, ದುಡಿಯುವವನಿಗೆ ಇರುವ ವೇಳೆ ಸ್ವಲ್ಪ, ಆದ್ದರಿಂದ ಬಲ್ಲವರು ದಾರಿ ತೋರಿಸಬೇಕು ಎಂಬುದು ಅವನ ವಾದ. ದಾರಿ ತೋರಿಸುವ ಬಲ್ಲವರು ಮುಂದೆ ಬರದ ಕಾರಣ ತಾನೇ ಧೈರ್ಯಮಾಡುತ್ತಿರುವುದಾಗಿ ಹೇಳಿ ಪಟ್ಟಿಯನ್ನು ಮುಂದಿಟ್ಟ. ಬದುಕಿರುವ ಲೇಖಕರನ್ನು ಸೇರಿಸಬಾರದೆಂಬ ನಿಯಮವನ್ನೂ ಮಾಡಿಕೊಂಡ. ಅದು ಜಾಣತನವೇ ಸರಿ, ಸತ್ತವರು ಮುನಿಸಿಕೊಳ್ಳುವುದಿಲ್ಲ.

ಪಟ್ಟಿಯನ್ನು ಈಗ ಓದಿದರೆ ಎದ್ದು ಕಾಣುವುದು ಅದರಲ್ಲಿ ಕಾದಂಬರಿಗೆ ದೊರೆತ ಸ್ಥಾನ. ಬೈಬಲ್, ಮಾರ್ಕಸ್ ಔರೇಲಿಯಸ್, ಅರಿಸ್ಟಾಟಲ್‌ರಿಂದ ತೊಡಗಿ, ಹೋಮರ್, ವರ್ಜಿಲ್, ಷೇಕ್ಸ್‌ಪಿಯರ್, ಡಾಂಟೆಯರನ್ನು ದಾಟಿ, ಚರಿತ್ರೆ ತತ್ತ್ವಶಾಸ್ತ್ರಗಳನ್ನು ಮುಗಿಸಿ, ಡಾರ್ವಿನ್ನನ ಕಡಲಯಾನವನ್ನೂ ಕಂಡು, ಕಟ್ಟಕಡೆಗೆ ಇಂಗ್ಲಿಷ್ ಕಾದಂಬರಿಗಳು ಬರುತ್ತವೆ: ಥ್ಯಾಕರೆಯವು ಎರಡು, ಡಿಕನ್ಸನವು ಎರಡು, ಲಿಟ್ಟನ್, ಜಾರ್ಜ್ ಎಲಿಯಟ್, ಕಿಂಗ್ಸ್‌ಲಿ ಇವರದು ಒಂದೊಂದು. ಮದುವೆಯ ಊಟದಲ್ಲಿ ಕೊನೆಯ ಪಂಕ್ತಿಯಲ್ಲಿ ಕುಳಿತ ನೆಂಟರಂತೆ ಅವು ತೋರುತ್ತವೆ. ಎಲ್ಲಕ್ಕಿಂತ ಕೊನೆಯಲ್ಲಿ ವಾಲ್ಟರ್ ಸ್ಕಾಟ್. ಸ್ಕಾಟನ ಕಾದಂಬರಿಗಳೇ ಒಂದು ಗ್ರಂಥಾಲಯವಾಗುವಷ್ಟಿವೆ. ತಾನು ಪಟ್ಟ ಶ್ರಮಕ್ಕೆ ಪ್ರತಿಯಾಗಿ ಅವನ್ನೆಲ್ಲ ಸೇರಿಸಿ ಒಂದೇ ಎಂದು ಎಣಿಸಲು ವಿಶೇಷ ಅನುಗ್ರಹವಾಗಿ ಅಪ್ಪಣೆ ಬೇಕೆಂದು ಲಬಕ್ ಓದುಗರಲ್ಲಿ ವಿನಂತಿಸಿಕೊಳ್ಳುತ್ತಾನೆ. ತಂದೆಯವರು ಈ ಅನುಗ್ರಹವನ್ನು ದಯಪಾಲಿಸಿದಂತೆ ಕಾಣುವುದಿಲ್ಲ. ಸ್ಕಾಟನ ಹೆಸರಿನ ಮುಂದೆ ಗೀಟಿಲ್ಲ. ‘ನಾಲ್ಕು ಆಯಿತು, ಇನ್ನೂ ಇವೆ’ ಎಂದು ಬರೆದುಕೊಂಡಿದ್ದಾರೆ.

ಪಟ್ಟಿಯಲ್ಲಿ ಜೇನ್ ಆಸ್ಟಿನ್ ಇಲ್ಲ. ಬ್ರಾಂಟೆ ಸಹೋದರಿಯರಿಲ್ಲ. ರಷ್ಯದವರು ಒಬ್ಬರೂ ಇಲ್ಲ. ಟಾಲ್‌ಸ್ಟಾಯ್ ಆಗಿನ್ನೂ ಬದುಕಿದ್ದನಾದ್ದರಿಂದ ನಿಯಮಕ್ಕೆ ಹೊರಗು. ದಾಸ್ತೋವಸ್ಕಿ, ತುರ್ಗೆನೆವ್ ಆ ಹೊತ್ತಿಗೆ ತೀರಿಕೊಂಡಿದ್ದರು. ಆದರೆ ರಷ್ಯನ್ ಕಾದಂಬರಿಯ ದೊಡ್ಡ ಪ್ರವಾಹ ಇಂಗ್ಲಿಷಿಗೆ ಇನ್ನೂ ಹರಿದು ಬಂದಿರಲಿಲ್ಲ. ಯಾವ ಪಟ್ಟಿಯಾದರೂ ಅದನ್ನು ಮಾಡಿದವನ ಮನೆಯ ಕಪಾಟಿಗಿಂತ ಬಹಳ ದೊಡ್ಡದಾಗಿರಲಾರದು.

ನಮ್ಮ ದೇಶಕ್ಕೂ ಅದರಲ್ಲಿ ಜಾಗವಿದೆ. ಶಾಕುಂತಲವಿದೆ, ಮಹಾಭಾರತ, ರಾಮಾಯಣಗಳಿವೆ. ಇವೆರಡನ್ನು ಓದಬೇಕಾದ್ದು ಮಾತ್ರ ಟಾಲ್ಬಾಯ್ಸ್ ವೀಲರ್ ಎಂಬ ಅಧಿಕಾರಿ ಬರೆದ ಭಾರತದ ಇತಿಹಾಸದ ಮೊದಲೆರಡು ಸಂಪುಟಗಳಲ್ಲಿ, ಸಂಗ್ರಹರೂಪದಲ್ಲಿ. ಏಕೆ ಓದಬೇಕು? ಅವು ಸ್ವತಃ ಸ್ವಾರಸ್ಯವಾಗಿರುವುದಲ್ಲದೆ, ಪೂರ್ವದೇಶದಲ್ಲಿರುವ ತಮ್ಮ ದೊಡ್ಡ ಸಾಮ್ರಾಜ್ಯದ ದೃಷ್ಟಿಯಿಂದ ಬಹಳ ಮುಖ್ಯವಾದವು ಎಂದು ಲಬಕ್ ಹೇಳುತ್ತಾನೆ. ಚೀನೀಯರ ಬಗ್ಗೆ ಅವನ ಮಾತು ಇನ್ನೂ ನೇರವಾದದ್ದು. ಕನ್‌ಫ್ಯೂಷಿಯಸನ ಸೂಕ್ತಿಗಳನ್ನೂ ಚೀನದ ಪ್ರಾಚೀನ ಗೀತ ಸಂಗ್ರಹವನ್ನೂ ತಾನು ಅಷ್ಟಾಗಿ ಮೆಚ್ಚಿಲ್ಲ. ಆದರೆ ನಲವತ್ತು ಕೋಟಿ ಜನ ಅವನ್ನು ಪೂಜ್ಯವೆಂದು ಭಾವಿಸುವುದರಿಂದ ಸೇರಿಸಿದ್ದೇನೆ. ಮೇಲಾಗಿ ಎರಡೂ ಚಿಕ್ಕ ಪುಸ್ತಕಗಳು ಎಂದು ಒಪ್ಪಿಕೊಂಡುಬಿಡುತ್ತಾನೆ. ಈ ಪ್ರಾಮಾಣಿಕತೆಗೆ ನಗಬೇಕೋ ಕೋಪಿಸಿಕೊಳ್ಳಬೇಕೋ ತಿಳಿಯದು. ತಂದೆಯವರು ಎರಡನ್ನೂ ಮಾಡಿಲ್ಲ. ಮಹಾಭಾರತದ ಮುಂದೆ ಗೀಟು ಹಾಕಿ ‘ವೀಲರ್ ಅಲ್ಲ, ಕುಮಾರವ್ಯಾಸ’ ಎಂದು ಬರೆದಿದ್ದಾರೆ. ರಾಮಾಯಣದ ಮುಂದೆ ‘ತೊರವೆ’. ಶಾಕುಂತಲದ ಮುಂದೆ ‘ಬಸವಪ್ಪಶಾಸ್ತ್ರಿಗಳದು’. ಈ ಮೂರು ಗೀಟುಗಳ ಪಕ್ಕದಲ್ಲಿ ದಸರೆಯೂ ಇಲ್ಲ, ಬೇಸಿಗೆಯೂ ಇಲ್ಲ. ‘ಮೊದಲೇ’ ಎಂದಷ್ಟೇ ಇದೆ. ಗಮಕಿಗಳ ಬಾಯಲ್ಲಿ ಗದುಗಿನ ಭಾರತವನ್ನು ಕೇಳುತ್ತ ಬೆಳೆದ ಹುಡುಗನಿಗೆ ಅದನ್ನು ಯಾವ ರಜೆಯಲ್ಲಿ ಓದಿದೆ ಎಂಬ ಪ್ರಶ್ನೆಯೇ ಅರ್ಥಹೀನವಾಗಿತ್ತು.

ಲಬಕನ ಭಾಷಣ ಪತ್ರಿಕೆಗಳಲ್ಲಿ ಅಚ್ಚಾದ ಕೂಡಲೇ ಲಂಡನ್ನಿನ ‘ಪಾಲ್ ಮಾಲ್ ಗೆಜೆಟ್’ ಅದನ್ನು ಹಿಡಿದುಕೊಂಡಿತು. ದೇಶದ ಗಣ್ಯರಿಗೆಲ್ಲ ಪಟ್ಟಿಯನ್ನು ಕಳುಹಿಸಿ ನಿಮ್ಮ ಅಭಿಪ್ರಾಯವೇನೆಂದು ಕೇಳಿತು. ಅದರ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್. ಲಂಡನ್ನಿನಲ್ಲಿ ನಡೆಯುತ್ತಿದ್ದ ಹೆಣ್ಣುಮಕ್ಕಳ ಮಾರಾಟವನ್ನು ಬಯಲಿಗೆಳೆಯುವ ಸಾಹಸದಲ್ಲಿ ಕಾನೂನಿನ ಕೈಗೆ ಸಿಕ್ಕಿಬಿದ್ದು, ಲಬಕ್ ಭಾಷಣ ಮಾಡಿದ ದಿನ ಈತ ಸೆರೆಮನೆಯಲ್ಲಿದ್ದ. ಈ ಹೆಸರನ್ನು ಸ್ವಲ್ಪ ನೆನಪಿನಲ್ಲಿಡಿ. ಇಪ್ಪತ್ತು ವರ್ಷಗಳ ಅನಂತರ ಇವನು ಮತ್ತೆ ಬರುತ್ತಾನೆ.

ಉತ್ತರಗಳು ರಾಶಿಯಾಗಿ ಬಂದವು. ರಸ್ಕಿನ್ ಅಚ್ಚಾದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಲೇಖನಿಯಿಂದ ಹೆಸರುಗಳನ್ನು ಹೊಡೆಯುತ್ತ ಹೋದ. ಗಿಬ್ಬನ್, ವಾಲ್ಟೇರ್, ಮಿಲ್, ಡಾರ್ವಿನ್, ಕಿಂಗ್ಸ್‌ಲಿ ಎಲ್ಲರೂ ಆ ಮಸಿಯಲ್ಲಿ ಮುಳುಗಿದರು. ಪತ್ರಿಕೆ ಆ ಹಾಳೆಯನ್ನು ಹಾಗೆಯೇ ಅಚ್ಚುಹಾಕಿತು. ಅದೇ ರಸ್ಕಿನ್ ಮತ್ತೊಂದೆಡೆ, ತನ್ನ ನೂರು ಲೇಖಕರಲ್ಲಿ ಮೊದಲಿಗನನ್ನಾಗಿ ಮಕ್ಕಳ ಹುಚ್ಚುಪದ್ಯಗಳ ಎಡ್ವರ್ಡ್ ಲಿಯರನನ್ನು ಇಡುತ್ತೇನೆಂದ. ವಿಲಿಯಂ ಮಾರಿಸ್ ತನಗೆ ಪ್ರಿಯವಾದ ಐವತ್ತನಾಲ್ಕನ್ನು ಮಾತ್ರ ಕೊಟ್ಟ. ‘ಬೈಬಲುಗಳು’ ಎಂಬ ಗುಂಪು ಮಾಡಿ, ಹೋಮರನ ಮತ್ತು ಉತ್ತರ ದೇಶಗಳ ಪುರಾಣಕಥೆಗಳ ಸಾಲಿನಲ್ಲಿ ಮಹಾಭಾರತವನ್ನೂ ಸೇರಿಸಿದ. ಅವನಿಗೆ ಸಾಮ್ರಾಜ್ಯದ ನೆಪ ಬೇಕಾಗಲಿಲ್ಲ. ಆಸ್ಕರ್ ವೈಲ್ಡ್ ಓದಬೇಕಾದವು, ಮತ್ತೆ ಮತ್ತೆ ಓದಬೇಕಾದವು, ಓದಲೇಬಾರದವು ಎಂದು ಪುಸ್ತಕಗಳನ್ನು ಮೂರಾಗಿ ವಿಂಗಡಿಸಿ, ಜನಕ್ಕೆ ನಿಜವಾಗಿ ಬೇಕಾಗಿರುವುದು ಮೂರನೆಯ ಬಗೆಯ ನೂರು ಪುಸ್ತಕಗಳ ಪಟ್ಟಿಯೆಂದು ಚಟಾಕಿ ಹಾರಿಸಿದ. ಗದ್ದಲದಿಂದ ವ್ಯಾಪಾರ ಕುದುರಿತು. ಕೆಲವೇ ವರ್ಷಗಳಲ್ಲಿ ರೌಟ್ಲೆಡ್ಜ್ ಸಂಸ್ಥೆ ‘ಸರ್ ಜಾನ್ ಲಬಕನ ನೂರು ಪುಸ್ತಕಗಳು’ ಎಂದೇ ಮಾಲೆಯೊಂದನ್ನು ಹೊರಡಿಸಿತು. 1898ರಲ್ಲಿ ಕ್ಲೆಮೆಂಟ್ ಷಾರ್ಟರ್ ಎಂಬ ಪತ್ರಕರ್ತ ‘ಡಾನ್ ಕ್ವಿಕ್ಸೋಟ್’ನಿಂದ ಆರಂಭಿಸಿ, ಒಬ್ಬೊಬ್ಬ ಲೇಖಕನಿಗೆ ಒಂದೊಂದರಂತೆ, ಬರಿಯ ಕಾದಂಬರಿಗಳದೇ ನೂರರ ಪಟ್ಟಿಯನ್ನು ಪ್ರಕಟಿಸಿದ. ಹನ್ನೆರಡು ವರ್ಷಗಳ ಹಿಂದೆ ಕೊನೆಯ ಪಂಕ್ತಿಯಲ್ಲಿದ್ದವರಿಗೆ ಪ್ರತ್ಯೇಕ ಊಟದ ಮನೆಯೇ ಆಯಿತು.

ಇಷ್ಟು ಗದ್ದಲದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಣ್ಯರಾದವರೆಲ್ಲ ಮಾತನಾಡಿದರು. ಯಾರಿಗಾಗಿ ಪಟ್ಟಿ ತಯಾರಾಯಿತೋ ಆ ಕೆಲಸಗಾರರನ್ನು ಯಾರೂ ಕೇಳಲಿಲ್ಲ. ಅವರಿಗೆ ಅಂಥ ಪುಸ್ತಕ ಸಿಕ್ಕುತ್ತಿದ್ದುದು ಹೇಗೆ? ವಿಲ್ ಕ್ರೂಕ್ಸ್ ಎಂಬವನ ಉದಾಹರಣೆ ನನಗೆ ಸದಾ ನೆನಪಾಗುತ್ತದೆ. ಲಂಡನ್ನಿನ ಪೂರ್ವಭಾಗದ ಕಡುಬಡತನದಲ್ಲಿ ಬೆಳೆದವನು. ಬಾಲ್ಯದಲ್ಲಿ ಕೆಲಕಾಲ ಅನಾಥಾಲಯದಂಥ ಬಡವರ ದುಡಿಮೆಯ ಮನೆಯಲ್ಲಿ ಇರಬೇಕಾಯಿತು. ಮುಂದೆ ಮರದ ಪೀಪಾಯಿ ಮಾಡುವ ಕಸುಬು ಕಲಿತ. ಹುಡುಗನಾಗಿದ್ದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಎರಡು ಪೆನ್ನಿಗೆ ಹೋಮರನ ‘ಇಲಿಯಡ್’ ಸಿಕ್ಕಿತು. ಮನೆಗೆ ತಂದು ಓದಿದ. ಅವನ ಕಣ್ಣೆದುರು ಬೇರೆ ಲೋಕವೇ ತೆರೆಯಿತು. ಇದು ಲಬಕನ ಪಟ್ಟಿಗೆ ಎಷ್ಟೋ ಮೊದಲು ನಡೆದದ್ದು. ಆ ಪ್ರತಿ ಅಂದು ಆ ಅಂಗಡಿಯಲ್ಲಿ ಇದ್ದುದು ಆಕಸ್ಮಿಕ, ಅವನ ಜೇಬಿನಲ್ಲಿ ಎರಡು ಪೆನ್ನಿ ಇದ್ದುದು ಇನ್ನೂ ದೊಡ್ಡ ಆಕಸ್ಮಿಕ.

ಈ ಕ್ರೂಕ್ಸ್ ಮುಂದೆ ಪಾರ್ಲಿಮೆಂಟಿಗೆ ಆರಿಸಿ ಬಂದ. 1906ರ ಚುನಾವಣೆಯಲ್ಲಂತೂ ಗಣಿ, ಗಿರಣಿ, ರೈಲ್ವೆಗಳಿಂದ ಬಂದ ಕೆಲಸಗಾರರು ಹಿಂದೆಂದೂ ಇಲ್ಲದ ಸಂಖ್ಯೆಯಲ್ಲಿ ಗೆದ್ದರು. ಆಗ ಸ್ಟೆಡ್, ಹಿಂದೆ ಗೆಜೆಟ್ಟಿನಲ್ಲಿದ್ದ ಅದೇ ಸ್ಟೆಡ್, ಈಗ ‘ರಿವ್ಯೂ ಆಫ್ ರಿವ್ಯೂಸ್’ ಎಂಬ ತನ್ನದೇ ಮಾಸಪತ್ರಿಕೆಯಿಂದ ಅವರಿಗೆಲ್ಲ ಪತ್ರ ಬರೆದ: ನಿಮ್ಮ ಬದುಕಿಗೆ ಒದಗಿದ ಪುಸ್ತಕಗಳು ಯಾವುವು? ನಲವತ್ತೈದು ಮಂದಿ ಉತ್ತರಿಸಿದರು. ಯಾವುದನ್ನು ಓದಬೇಕೆಂದು ಗಣ್ಯರನ್ನು ಕೇಳಿದ ಪತ್ರಿಕೆಯ ಸಂಪಾದಕನೇ ಇಪ್ಪತ್ತು ವರ್ಷಗಳ ಮೇಲೆ, ಏನನ್ನು ಓದಿದಿರಿ ಎಂದು ದುಡಿದವರನ್ನು ಕೇಳಿದ್ದು ನನಗೆ ಈ ಕಥೆಯಲ್ಲೆಲ್ಲ ಬಹಳ ಇಷ್ಟವಾದ ಭಾಗ. ಪಟ್ಟಿಗಳ ಚರಿತ್ರೆಯಲ್ಲಿ ಇಂಥ ಪ್ರಶ್ನೆ ಬಹು ಅಪರೂಪ. ಸ್ಟೆಡ್ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿಹೋದ.

ಉತ್ತರಗಳಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬಂದ ಹೆಸರು ರಸ್ಕಿನ್. ಲಬಕನ ಪಟ್ಟಿಯ ಮೇಲೆ ಮಸಿ ಎಳೆದ ರಸ್ಕಿನ್. 1886ರಲ್ಲಿ ಅವನು ಬದುಕಿದ್ದುದರಿಂದ ಆ ಪಟ್ಟಿಯಲ್ಲಿ ಇರುವಂತೆಯೇ ಇರಲಿಲ್ಲ. ಅವನ ಅನಂತರ ಡಿಕನ್ಸ್. ಆಮೇಲೆ ಬೈಬಲ್, ಕಾರ್ಲೈಲ್, ಹೆನ್ರಿ ಜಾರ್ಜ್, ಸ್ಕಾಟ್. ತತ್ತ್ವಶಾಸ್ತ್ರ ನೀತಿಶಾಸ್ತ್ರಗಳ ಉದ್ದ ಸಾಲಿನ ಬಾಲದಲ್ಲಿ ಲಬಕ್ ಕೂರಿಸಿದ್ದ ಇಬ್ಬರು ಕಾದಂಬರಿಕಾರರು ಇಲ್ಲಿ ಮುಂದಿನ ಸಾಲಿಗೆ ಬಂದು ಕುಳಿತಿದ್ದರು. ಸಂಜೆ ದುಡಿಮೆಯಿಂದ ಬಂದವನ ಕೈಯಲ್ಲಿ ಕಾದಂಬರಿ ಇತ್ತು. ರಸ್ಕಿನ್ನನಲ್ಲಿ ಅವರನ್ನು ಹಿಡಿದ ಮುಖ್ಯ ಪುಸ್ತಕ ‘ಅನ್ ಟು ದಿಸ್ ಲಾಸ್ಟ್’. ಅದಕ್ಕೆ ಎರಡು ವರ್ಷ ಮೊದಲು, 1904ರಲ್ಲಿ, ದಕ್ಷಿಣ ಆಫ್ರಿಕದಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೋಗುವ ರೈಲಿನಲ್ಲಿ ಗೆಳೆಯ ಪೋಲಕ್ ಕೊಟ್ಟ ಅದೇ ಪುಸ್ತಕವನ್ನು ಗಾಂಧೀಜಿಯವರು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓದಿ, ಮುಂದೆ ‘ಸರ್ವೋದಯ’ ಎಂದು ಗುಜರಾತಿಗೆ ತಂದ ಸಂಗತಿ ನಿಮಗೆ ಗೊತ್ತೇ ಇದೆ. ಅವರ ಕೈಗೆ ಅದು ಬಂದದ್ದೂ ಪಟ್ಟಿಯಿಂದಲ್ಲ, ಸ್ನೇಹಿತನಿಂದ.

ಹಾಗಾದರೆ ಪಟ್ಟಿಯಿಂದ ಪ್ರಯೋಜನವೇ ಇಲ್ಲವೆ? ಹಾಗೆಂದು ನಾನು ಹೇಳಲಾರೆ. ಸ್ಟೆಡ್ ಆ ಪತ್ರ ಬರೆದ 1906ರಲ್ಲಿಯೇ ಜೆ. ಎಂ. ಡೆಂಟ್ ‘ಎವ್ವೆರಿಮನ್ಸ್ ಲೈಬ್ರರಿ’ಯನ್ನು ಆರಂಭಿಸಿದ. ಇವನು ಡಾರ್ಲಿಂಗ್‌ಟನ್ ಊರಿನ ಬಣ್ಣ ಬಳಿಯುವವನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನಿಂದ ಮೇಲೆ ಬಂದವನು. ಅವನ ಸಂಪಾದಕ ಅರ್ನೆಸ್ಟ್ ರೀಸ್ ಮೊದಲು ಗಣಿ ಎಂಜಿನಿಯರಾಗಿದ್ದವನು. ಒಂದು ಷಿಲಿಂಗಿಗೆ ಒಂದು ಸಂಪುಟ. ಒಟ್ಟು ಸಾವಿರ ಸಂಪುಟಗಳ ಗುರಿ. ಲಬಕ್ ಮರೆತಿದ್ದ ಜೇನ್ ಆಸ್ಟಿನ್ನಳ ಕಾದಂಬರಿಗಳು ಇಲ್ಲಿ ಮೊದಲ ಐವತ್ತರಲ್ಲಿಯೇ ಬಂದವು. ಡೆಂಟ್ 1926ರಲ್ಲಿ, ರೀಸ್ 1946ರಲ್ಲಿ ತೀರಿಕೊಂಡರು. ಸಾವಿರನೆಯ ಸಂಪುಟ, ಅರಿಸ್ಟಾಟಲನ ‘ಮೆಟಾಫಿಸಿಕ್ಸ್’, 1956ರಲ್ಲಿ ಹೊರಬಂತು. ನೋಡಲು ಇಬ್ಬರೂ ಇರಲಿಲ್ಲ. ನಮ್ಮ ಕಾಲೇಜುಗಳ ಗ್ರಂಥಾಲಯದಲ್ಲಿ ಆ ಮಾಲೆಯ ಪುಸ್ತಕಗಳನ್ನು ನೋಡಿದವರಿಗೆ ಅವುಗಳ ಬೆನ್ನಿನ ಚಿತ್ತಾರ, ತೆಳು ಹಾಳೆಯ ವಾಸನೆ ನೆನಪಿರಬಹುದು. ಪಟ್ಟಿ ಪುಸ್ತಕವಾಗಿ, ಪುಸ್ತಕ ಅಗ್ಗವಾಗಿ, ಅಗ್ಗದ ಪುಸ್ತಕ ಹಡಗು ಹತ್ತಿ ಇಲ್ಲಿಯವರೆಗೂ ಬಂದದ್ದು ಹೀಗೆ.

ನಮ್ಮಲ್ಲಿ ಆಗ ಕಾದಂಬರಿಯೇ ಹೊಸದು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದದ್ದು 1885ರಲ್ಲಿ, ಲಬಕನ ಭಾಷಣಕ್ಕೆ ಒಂದು ವರ್ಷ ಮೊದಲು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು. ಆದ್ದರಿಂದ ನಮ್ಮ ತಂದೆಯವರ ತಲೆಮಾರು ಕಾದಂಬರಿಯ ಹಸಿವನ್ನು ಇಂಗ್ಲಿಷಿನಲ್ಲಿ ತೀರಿಸಿಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರು ತರೀಕೆರೆಯಲ್ಲಿ ಮಿಡ್ಲ್ ಸ್ಕೂಲಿನ ಉಪಾಧ್ಯಾಯರು. ಊರಿನಲ್ಲಿ ಇಂಗ್ಲಿಷ್ ಪುಸ್ತಕ ದೊರೆಯುತ್ತಿರಲಿಲ್ಲ. ದಸರಾ ಮತ್ತು ಬೇಸಿಗೆಯ ರಜೆ ಬಂದರೆ ಬೀರೂರಿನ ಮೇಲೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸೋದರತ್ತೆಯ ಮನೆಯಲ್ಲಿ ಉಳಿದು, ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಓದುತ್ತಿದ್ದರು. ಗೀಟುಗಳ ಪಕ್ಕದಲ್ಲಿರುವುದು ರಜೆಗಳ ಹೆಸರೇ ಏಕೆಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ರಜೆಯಿಲ್ಲದ ತಿಂಗಳುಗಳಲ್ಲಿ ಅವರ ಪಟ್ಟಿ ಒಂದಕ್ಷರವೂ ಮುಂದೆ ಸಾಗಿಲ್ಲ. ಲಬಕ್ ರಜೆಯ ಕಾನೂನನ್ನೂ ಪುಸ್ತಕದ ಪಟ್ಟಿಯನ್ನೂ ಕೈಯಲ್ಲಿ ಹಿಡಿದಿದ್ದನೆಂದು ಆಗಲೇ ಹೇಳಿದೆನಲ್ಲ, ಅದನ್ನು ನನಗೆ ತೋರಿಸಿಕೊಟ್ಟದ್ದು ಈ ಪೆನ್ಸಿಲಿನ ಟಿಪ್ಪಣಿಗಳೇ.

ನಾನೂ ಕಾಲೇಜಿನ ದಿನಗಳಲ್ಲಿ ಇಂಥದೊಂದು ಪಟ್ಟಿಯನ್ನು ಹಿಡಿದು ಹೊರಟಿದ್ದೆ. ಓದಿದ್ದಕ್ಕಿಂತ ಗೀಟು ಹಾಕಿದ ಸುಖವೇ ಹೆಚ್ಚು. ಥ್ಯಾಕರೆಯ ‘ಪೆಂಡೆನ್ನಿಸ್’ ಓದಿದ್ದೇನೆಂಬುದಕ್ಕೆ ಗೀಟಿನ ಸಾಕ್ಷಿಯಿದೆ. ಅದರಲ್ಲಿ ಏನಿದೆಯೆಂದು ಕೇಳಿದರೆ ಬಾಯಿ ಬಿಡಲಾರೆ. ಅದೇ, ಪಟ್ಟಿಯಲ್ಲಿಲ್ಲದ ‘ಪ್ರೈಡ್ ಅಂಡ್ ಪ್ರೆಜುಡಿಸ್’, ದೇ. ಜವರೇಗೌಡರ ಕನ್ನಡದಲ್ಲಿ ‘ಹಮ್ಮು ಬಿಮ್ಮು’ ಆಗಿ ಮನೆಗೆ ಬಂದಾಗ, ನನ್ನ ತಾಯಿ ಅದನ್ನು ಎರಡು ಸಲ ಓದಿದರು. ಗಂಡು ಹುಡುಕುವ ತಾಯಂದಿರ ಸಂಕಟ ಅವರಿಗೆ ಹೊಸದಾಗಿರಲಿಲ್ಲ. ಈಚಿನ ಪಟ್ಟಿಗಳ ವಿಷಯ ಹೆಚ್ಚು ಹೇಳುವುದು ಬೇಡ. 1998ರಲ್ಲಿ ಅಮೆರಿಕದ ಮಾಡರ್ನ್ ಲೈಬ್ರರಿ ಸಂಸ್ಥೆ ಇಪ್ಪತ್ತನೆಯ ಶತಮಾನದ ಶ್ರೇಷ್ಠ ನೂರು ಇಂಗ್ಲಿಷ್ ಕಾದಂಬರಿಗಳನ್ನು ಘೋಷಿಸಿದಾಗ ವಿದ್ವಾಂಸರ ಪಟ್ಟಿಯಲ್ಲಿ ಜಾಯ್ಸನ ‘ಯುಲಿಸಿಸ್’ ಮೊದಲನೆಯದಾಯಿತು. ಓದುಗರ ಮತಗಳಿಂದಾದ ಪಟ್ಟಿಯ ಮೊದಲ ಹತ್ತರಲ್ಲಿ ಅಯ್ನ್ ರ‍್ಯಾಂಡಳವು ನಾಲ್ಕು, ಎಲ್. ರಾನ್ ಹಬ್ಬರ್ಡನವು ಮೂರು! ಅಭಿಮಾನಿಗಳ ಸಂಘಟನೆ ಬಲವಾಗಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಸ್ಟೆಡ್ ಕೇಳಿದ ಪ್ರಶ್ನೆಯ ಘನತೆ ಅಲ್ಲಿ ಇರಲಿಲ್ಲ.

ಇನ್ನು ಆ ಅರ್ಧ ಗೀಟು. ಅದು ಇರುವುದು ಜಾರ್ಜ್ ಎಲಿಯಟ್ಟಳ ‘ಆಡಂ ಬೀಡ್’ ಕಾದಂಬರಿಯ ಮುಂದೆ. ಪಕ್ಕದಲ್ಲಿ ‘ಬೇಸಿಗೆ 41’ ಎಂದಿದೆ. ಅದಾದ ಮೇಲೆ ಐದು ವರ್ಷ ಒಂದು ಗೀಟೂ ಇಲ್ಲ. 1946ರ ದಸರೆಯಲ್ಲಿ ‘ಡಾನ್ ಕ್ವಿಕ್ಸೋಟ್’ನಿಂದ ಮತ್ತೆ ಆರಂಭವಾಗುತ್ತದೆ. ಯುದ್ಧದ ಕಾಲ, ಕೈ ಬಿಗಿ, ಬೆಂಗಳೂರಿಗೆ ಹೋಗಲಾಗಲಿಲ್ಲವೇನೋ ಎಂದುಕೊಂಡಿದ್ದೆ. ಆ ಕಾದಂಬರಿಯನ್ನು ನಾನು ಓದಿರಲಿಲ್ಲ. ಹೋದ ವರ್ಷ, ನನ್ನ ಎಂಬತ್ತರ ಮೇಲೆ, ಓದಿದೆ. ಹಳ್ಳಿಯ ಬಡಗಿ ಆಡಂ. ಅವನು ಮೆಚ್ಚಿದ ಹುಡುಗಿ ಹೆಟ್ಟಿ. ಜಮೀನುದಾರರ ಮನೆಯ ಯುವಕನಿಂದ ಅವಳು ಗರ್ಭಿಣಿಯಾಗಿ, ಮನೆ ಬಿಟ್ಟು ಅಲೆದು, ಹೆತ್ತ ಕೂಸನ್ನು ಕಾಡಿನ ಬದಿಯಲ್ಲಿ ಬಿಟ್ಟು ನಡೆದುಬಿಡುತ್ತಾಳೆ. ಬಿಟ್ಟು ಬಂದವಳಿಗೆ ಅದರ ಅಳು ಕೇಳಿಸುತ್ತಲೇ ಇರುತ್ತದೆ. ಸೆರೆಮನೆಯ ಕತ್ತಲಲ್ಲಿ ಅವಳು ಅದನ್ನು ಹೇಳಿಕೊಳ್ಳುವ ಅಧ್ಯಾಯಕ್ಕೆ ಬಂದಾಗ ನಾನು ಪುಸ್ತಕವನ್ನು ಮಡಿಚಿ ಆ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ.

ನಾನು ಹುಟ್ಟಿದ್ದು 1944ರಲ್ಲಿ. ನನಗಿಂತ ಮುಂಚೆ ಒಂದು ಹೆಣ್ಣುಮಗು ಹುಟ್ಟಿ ಒಂಬತ್ತು ತಿಂಗಳಿಗೆ ತೀರಿಕೊಂಡಿತೆಂದು ತಾಯಿ ಯಾವಾಗಲೋ ಹೇಳಿದ್ದರು. ತಂದೆಯವರು ಬೆಂಗಳೂರಿನಲ್ಲಿದ್ದಾಗ ಜ್ವರ ಬಂತು. ತಂತಿ ಹೋಗಿ, ಅವರು ರಾತ್ರಿಯ ರೈಲು ಹಿಡಿದು ಬರುವ ವೇಳೆಗೆ ಎಲ್ಲವೂ ಮುಗಿದಿತ್ತಂತೆ. ಅದು ಯಾವ ವರ್ಷವೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲೂ ಇಲ್ಲ. ಬೇಸಿಗೆಯ ರಜೆಯಾಗಿತ್ತೆಂಬುದು ಮಾತ್ರ ನೆನಪಿದೆ. ಏಕೆಂದರೆ ಆ ಮಾತು ಬಂದಾಗಲೆಲ್ಲ ತಾಯಿ ‘ಇವರಿಗೆ ರಜ ಬಂದರೆ ಪುಸ್ತಕ’ ಎಂದು ಸುಮ್ಮನಾಗುತ್ತಿದ್ದರು.

‘ಆಡಂ ಬೀಡ್’ ಅನ್ನು ನಾನು ಕೊನೆಯವರೆಗೂ ಓದಿದೆ. ಪಟ್ಟಿಯಲ್ಲಿ ಅದರ ಮುಂದೆ ಇದ್ದ ಗುರುತನ್ನು ಹಾಗೆಯೇ ಬಿಟ್ಟಿದ್ದೇನೆ.